ಮೊದಲ ಕರೆಗೇ

ಅಪ್ಪನ ಅಂಗಿಯ ಕೊರಳ ಗುಂಡಿ ಎಷ್ಟು ಎಳೆದರೂ ಕಾಜಕ್ಕೆ ಸಿಗುತ್ತಿರಲಿಲ್ಲ. ಮಗಳು ಎರಡು ಸಲ ನೋಡಿ ಕೈಬಿಟ್ಟಳು.

"ಇರ್ಲಿ ಬಿಡಮ್ಮ, ಉಸಿರಾಡೋಕೆ ಸಲೀಸಾಗಿರುತ್ತೆ," ಎಂದುಬಿಟ್ಟ ಚಿಕ್ಕಪ್ಪ. ಆಡಿದ್ದೇನೆಂದು ಹೊಳೆದ ಮೇಲೆ ಗೋಡೆಯ ಕಡೆ ತಿರುಗಿಕೊಂಡ.

ಶವದ ಗಾಡಿ ಬರಲು ಇನ್ನೂ ಒಂದು ಗಂಟೆಯಿತ್ತು. ಬಂದವರು ಕಾದು ಕುಳಿತಿರುವಾಗ ಬಾಡಿಗೆ ಪುಸ್ತಕದಂಗಡಿಯವನು ಒಳಗೆ ಬಂದು, ಅಂಚು ಜಜ್ಜಿಹೋದ ಸಣ್ಣ ಪುಸ್ತಕವೊಂದನ್ನು ಮುಂದೆ ಹಿಡಿದ.

"ನಿಮ್ಮ ತಂದೆಯವರದು. ಅಂಗಡೀಲಿ ಇದ್ದದ್ದು ಇದೊಂದೇ. ಮನೇಲಿರ್ಲಿ ಅಂತ ತಗೊಂಡ್ಬಂದೆ."

ನಿವೃತ್ತಿಯ ಮೇಲೆ ಅಪ್ಪ ಬರೆದದ್ದು ಅದೊಂದೇ: ಅರವತ್ತನಾಲ್ಕು ಪುಟದ ಪತ್ತೇದಾರಿ ಕಾದಂಬರಿ. ದೊಡ್ಡ ಬಟ್ಟೆ ಮಳಿಗೆಗೆ ಬಾಂಬ್ ಇಟ್ಟಿದ್ದೇವೆಂದು ಕರೆ ಬರುತ್ತದೆ. ಟೆಲಿಫೋನ್ ಆಪರೇಟರ್ ಹಿಂದುಮುಂದು ನೋಡದೆ ಗಂಟೆ ಬಾರಿಸಿ ಎಲ್ಲರನ್ನೂ ಹೊರಗೆ ಕಳಿಸುತ್ತಾನೆ. ಒಬ್ಬರಿಗೂ ಏನೂ ಆಗುವುದಿಲ್ಲ. ಪತ್ತೇದಾರ ಬಂದು ಅಪರಾಧಿಯನ್ನು ಹಿಡಿಯುತ್ತಾನೆ.

"ನಮ್ಮಣ್ಣ ಅಂಥದೇ ಮಳಿಗೇಲಿ ಮೂವತ್ತು ವರ್ಷ ಆಪರೇಟರು," ಎಂದ ಚಿಕ್ಕಪ್ಪ, ಪಕ್ಕದಲ್ಲಿದ್ದವರಿಗೆ. "ಅಲ್ಲಿ ಬಾಂಬ್ ಸಿಡಿದಾಗ ಕರೆನೇ ಬಂದಿರ್ಲಿಲ್ಲ, ಪಾಪ. ಬಂದಿದ್ರೆ ಎಲ್ಲರನ್ನೂ ಉಳಿಸ್ತಿದ್ದ. ಆ ಕೊರಗು ಪುಸ್ತಕ ಆಯ್ತು."

"ಓದಿದವರು ಏನಂದ್ರು?" ಯಾರೋ ಕೇಳಿದರು.

"ಎಲ್ಲಾ ಕೊನೇ ಖಾಲಿ ಹಾಳೇಲಿದೆ ನೋಡಿ. ನಮ್ಮ ಓದುಗರ ಕೈಗೆ ಪೆನ್ಸಿಲ್ ಸಿಕ್ಕಿದ್ರೆ ಸಾಕು," ಎಂದ ಅಂಗಡಿಯವನು. "ಬರೆದ ಇವರೇ ತಿಂಗಳಿಗೊಂದ್ಸಲ ಬಾಡಿಗೆ ಕೊಟ್ಟು ಒಯ್ಯೋರು, ಹೊಸದಾಗಿ ಯಾರೇನು ಬರೆದಿದಾರೆ ಅಂತ ನೋಡೋಕೆ."

ಚಿಕ್ಕಪ್ಪ ಕನ್ನಡಕ ಏರಿಸಿ ಓದಿದ. "ಇಪ್ಪತ್ತನೇ ಪುಟಕ್ಕೇ ನನಗೆ ಅಪರಾಧಿ ಸಿಕ್ಕ. ಪತ್ತೇದಾರನಿಗೆ ಮಾತ್ರ ಅರವತ್ತು ಪುಟ ಬೇಕಾಯಿತು." ಒಂದಿಬ್ಬರು ಬಾಯಿಗೆ ಕೈ ಅಡ್ಡ ಹಿಡಿದರು. "ಜ್ವರದಲ್ಲಿ ಓದಿದೆ, ನಿದ್ದೆ ಚೆನ್ನಾಗಿ ಬಂತು." "ಆಪರೇಟರ್ ಮೊದಲ ಕರೆಗೇ ಗಂಟೆ ಬಾರಿಸುತ್ತಾನೆ. ಇಂಥವರು ಕತೆಯಲ್ಲಷ್ಟೇ."

"ಹೊಟ್ಟೆಕಿಚ್ಚು," ಎಂದು ಚಿಕ್ಕಪ್ಪ ಪುಸ್ತಕ ಮುಚ್ಚಿದ.

ಮಗಳು ಅದನ್ನು ತೆಗೆದುಕೊಂಡು ಆ ಹಾಳೆ ತೆರೆದಳು. ಕೊನೆಯ ಸಾಲಿನ ಕೆಳಗೆ ಇರುವೆ ಗಾತ್ರದ ಅಕ್ಷರಗಳಿದ್ದವು: ನಿಜ. ನಾನು ಬಾರಿಸಲಿಲ್ಲ.

ಅದು ಅಪ್ಪನ ಕೈಬರಹ.

ಹೊರಗೆ ಮೆಟ್ಟಿಲ ಮೇಲೆ ಹಿಂದೆ ಅಪ್ಪನ ಮಳಿಗೆಯಲ್ಲಿ ಲಿಫ್ಟ್ ನಡೆಸುತ್ತಿದ್ದ ಲಿಫ್ಟಿನವನು ಒಬ್ಬನೇ ಕುಳಿತಿದ್ದ. ಅವಳು ಹಾಳೆಯನ್ನು ಅವನ ಮುಂದೆ ಹಿಡಿದಳು. ಅವನು ಹಾಳೆಯನ್ನು ಕಣ್ಣಿನ ಹತ್ತಿರ ತಂದುಕೊಂಡ.

"ಬರೆದೇಬಿಟ್ನಾ," ಎಂದ.

*

ಬಾಂಬ್ ಸಿಡಿದ ಆ ವಾರ ಮೊದಲೇ ಎರಡು ಹುಸಿ ಕರೆಗಳು ಬಂದಿದ್ದವು. ಎರಡು ಸಲವೂ ಅಪ್ಪ ಗಂಟೆ ಬಾರಿಸಿದ್ದ. ಗಿರಾಕಿಗಳು ಕೊಂಡದ್ದನ್ನು ಅಲ್ಲಲ್ಲೇ ಎಸೆದು ಓಡಿದ್ದರು. ಮ್ಯಾನೇಜರ್ ಎಲ್ಲರೆದುರು ಅವನ ನೀರಿಳಿಸಿದ್ದ: "ಇನ್ನೊಂದ್ಸಲ ಬಾರಿಸಿದ್ರೆ ಆಚೆ ಹೋಗೋನು ನೀನೊಬ್ನೇ."

ಶನಿವಾರ ಮಧ್ಯಾಹ್ನ ಮೂರನೆಯ ಕರೆ ಬಂತು. ಲಿಫ್ಟಿನವನು ಚಹಾ ಕೊಡಲು ಬಂದು ಪಕ್ಕದಲ್ಲೇ ನಿಂತಿದ್ದ.

"ಯಾರು?"

"ಅದೇ ತಲೆಹರಟೆ. ಮೂರನೇ ಮಹಡಿಯಂತೆ," ಎಂದು ಅಪ್ಪ ಬೋರ್ಡಿನಿಂದ ಕರೆಯ ತಂತಿ ಕಿತ್ತ. ಕೈ ಒಂದು ಗಳಿಗೆ ಗಂಟೆಯ ಗುಂಡಿಯ ಮೇಲೆ ಹೋಗಿ, ಅಲ್ಲಿಂದ ಲೋಟದ ಕಡೆ ಬಂತು.

ಲೋಟ ಖಾಲಿಯಾಗುವ ಮೊದಲೇ ಛಾವಣಿಯಿಂದ ಸುಣ್ಣ ಉದುರಿತು.

ವಿಚಾರಣೆಯಲ್ಲಿ ಅಪ್ಪ ಒಂದೇ ಮಾತು ಹೇಳಿದ: "ಯಾವ ಕರೆನೂ ಬರ್ಲಿಲ್ಲ."

*

"ಎಷ್ಟು ಜನ ಹೋದ್ರು?" ಮಗಳು ಕೇಳಿದಳು.

"ಮೂರು ಜನ. ಹೊಲಿಗೆ ವಿಭಾಗದವರು. ಬೆಳಿಗ್ಗೆ ಅವರನ್ನ ಮೇಲೆ ಬಿಟ್ಟೋನು ನಾನೇ."

"ನೀವ್ಯಾಕೆ ಸುಮ್ನಿದ್ರಿ?"

"ನೀನಾಗ ಮೂರು ತಿಂಗಳ ಕೂಸು. ನಿನ್ನ ಮುಖ ನೋಡಿ ಸುಮ್ನಿದೀನಿ ಅಂದ್ಕೊಂಡೆ." ಲಿಫ್ಟಿನವನು ಅಂಗೈ ಉಜ್ಜಿಕೊಂಡ. "ನಂಗೂ ಕೆಲಸ ಬೇಕಿತ್ತಮ್ಮ. ಅದನ್ನ ಮಾತ್ರ ನನಗೇ ನಾನು ಹೇಳ್ಕೊಳ್ಳಲಿಲ್ಲ."

ಅವಳಿಗೆ ಅಳು ಬರಲಿಲ್ಲ. ತನ್ನ ಬಾಲ್ಯದ ಹಾಲು, ಪಾಠಪುಸ್ತಕ, ಹೊಸ ಬಟ್ಟೆ ಎಲ್ಲವೂ ಆ ಒಂದು ಸುಳ್ಳಿನ ಮೇಲೆ ನಿಂತಿದ್ದವು. ಅಷ್ಟರಲ್ಲಿ ಗಾಡಿ ಬಂತು.

ಚಿತಾಗಾರದ ಕಚೇರಿಯಲ್ಲಿ ಗುಮಾಸ್ತ ದೊಡ್ಡ ದಾಖಲೆ ಪುಸ್ತಕ ಬಿಡಿಸಿಕೊಂಡು, ಹೆಸರು ವಯಸ್ಸು ಬರೆದುಕೊಂಡು ತಲೆಯೆತ್ತದೆ ಕೇಳಿದ:

"ಉದ್ಯೋಗ?"

"ಕಾದಂಬರಿಕಾರರು ಅಂತ ಬರ್ಕೊಳ್ಳಿ," ಎಂದ ಚಿಕ್ಕಪ್ಪ.

"ಅಲ್ಲ," ಎಂದಳು ಮಗಳು. "ಟೆಲಿಫೋನ್ ಆಪರೇಟರ್."

"ಯಾಕಮ್ಮ, ಸತ್ತೋನಿಗೆ ಒಂದು ಮರ್ಯಾದೆ ಬೇಡ್ವಾ?"

"ಅವತ್ತು ಕರೆ ಬಂದಿತ್ತು, ಚಿಕ್ಕಪ್ಪ."

ಚಿಕ್ಕಪ್ಪ ತಿರುಗಿದ. ಬಾಗಿಲಲ್ಲಿ ನಿಂತಿದ್ದ ಲಿಫ್ಟಿನವನನ್ನು ನೋಡಿದ. ಲಿಫ್ಟಿನವನು ತಲೆ ತಗ್ಗಿಸಿದ. ಚಿಕ್ಕಪ್ಪ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಬೇಗ ಹೇಳಿ, ಹಿಂದೆ ಇನ್ನೂ ಇಬ್ಬರಿದಾರೆ," ಎಂದ ಗುಮಾಸ್ತ.

"ಟೆಲಿಫೋನ್ ಆಪರೇಟರ್," ಎಂದಳು ಮತ್ತೆ.

ಅವನು ‘ಕಾದಂ’ ಎಂಬಲ್ಲಿಗೆ ನಿಂತಿದ್ದ ಬರಹಕ್ಕೆ ಅಡ್ಡಗೆರೆ ಎಳೆದು ಮುಂದೆ ಬರೆದ. ಉಳಿದಿದ್ದ ಜಾಗ ಸಾಲಲಿಲ್ಲ. ಅಕ್ಷರಗಳು ಗೆರೆ ದಾಟಿ ಪಕ್ಕದ ಅಂಕಣಕ್ಕೆ, ಸಾವಿನ ಕಾರಣ ಬರೆಯುವಲ್ಲಿಗೆ, ಹರಿದುಹೋದವು.