ಗಾಯನ ತಂಡಕ್ಕೆ ಒಂದು ಮೇಲ್

"ಹೆಸರೆಲ್ಲ ಬಂದಿದೆ ಅಣ್ಣಾ, ಗುಂಪೇ ಮಾಯ!" ತಂಗಿ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು.

ಅವಳು ಕೆಲಸ ಮಾಡುವ ಹಲ್ಲಿನ ಆಸ್ಪತ್ರೆಯ ಸ್ವಾಗತದ ಮೇಜಿನ ಎದುರು ಅಣ್ಣ ಏದುಸಿರು ಬಿಡುತ್ತಾ ನಿಂತಿದ್ದ. ಗಾಯನ ತಂಡದ ಮೇಷ್ಟ್ರು ಅವನು, ಪತ್ರವ್ಯವಹಾರವೆಲ್ಲ ಅವಳದು. ನಾಳೆ ಬರಬೇಕಿದ್ದ ರೇಡಿಯೊದವರು ಇವತ್ತು ಸಂಜೆಯೇ ರೆಕಾರ್ಡಿಂಗ್ ಅಂದುಬಿಟ್ಟಿದ್ದರು. ವರ್ಷಗಟ್ಟಲೆ ಕಾದ ಅವಕಾಶ, ತಪ್ಪಿದರೆ ತಪ್ಪಿದಂತೆಯೇ. ಅವಳೋ, ಹಳೆಯ ಮೇಲ್ ಪ್ರೋಗ್ರಾಂ ಬಿಟ್ಟು ನಿನ್ನೆಯಷ್ಟೇ ಹೊಸದಕ್ಕೆ ಬಂದಿದ್ದಳು. ವಿಳಾಸಗಳು ಬಂದವು, 'ಗಾಯನ' ಎಂದು ಒತ್ತಿದರೆ ತಂಡದ ಎಲ್ಲರಿಗೂ ಮೇಲ್ ಹೋಗುತ್ತಿದ್ದ ಆ ಗುಂಪು ಮಾತ್ರ ಬರಲಿಲ್ಲ.

"ಒಬ್ಬೊಬ್ಬರಿಗೇ ಫೋನ್ ಮಾಡೋಣ್ವಾ?" ಅಂದ ಅಣ್ಣ.

"ಅರ್ಧ ಜನ ಕೆಲಸದಲ್ಲಿ ಫೋನ್ ಎತ್ತಲ್ಲ. ನೀನು ಸ್ವಲ್ಪ ಬಾಯಿ ಮುಚ್ಚಿಕೊಂಡಿರು, ನಂಗೊಂದು ಉಪಾಯ ಹೊಳೆದಿದೆ."

ಕೆನ್ನೆ ಹಿಡಿದು ಕೂತಿದ್ದ ರೋಗಿಗಳೂ ನೋವು ಮರೆತು ಕತ್ತು ಉದ್ದ ಮಾಡಿದರು. ಅವಳು ಹಿಂದಿನ ಕಾರ್ಯಕ್ರಮಕ್ಕೆ ಕಳಿಸಿದ್ದ ಮೇಲ್ ಒಂದನ್ನು ಹುಡುಕಿ ತೆಗೆದಳು. ಅದರ ನೆತ್ತಿಯ ಮೇಲೆ ಎಲ್ಲರ ವಿಳಾಸವೂ ಸಾಲಾಗಿತ್ತು. ಅಷ್ಟನ್ನೂ ಒಟ್ಟಿಗೆ ಎತ್ತಿ ಹೊಸ ಗುಂಪಿಗೆ ಹಾಕಿ, ಎರಡು ಸಾಲು ಬರೆದು ಕಳಿಸಿಯೇಬಿಟ್ಟಳು. ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಳ್ಳುವಷ್ಟು ಖುಷಿ ಅವಳಿಗೆ.

ಮೊದಲ ಉತ್ತರ ಬರಲು ತಡವಾಗಲಿಲ್ಲ. ಓದಿದವಳ ಮುಖ ಬಿಳಿಚಿಕೊಂಡಿತು.

"ಯಾರು?"

"ಗುಡುಗು."

ತಂಡದಲ್ಲಿ ಎಲ್ಲರಿಗಿಂತ ಆಳದ, ತುಂಬು ದನಿಯ ಬಸ್ ಡ್ರೈವರ್‌ಗೆ ಎಲ್ಲರೂ ಇಟ್ಟ ಹೆಸರು ಅದು. ಅಭ್ಯಾಸಕ್ಕೆ ತಡವಾಗಿ ಬಂದನೆಂದು ಅಣ್ಣ ಎಲ್ಲರೆದುರು ರೇಗಿ, "ನೀನಿಲ್ಲದೆಯೂ ಹಾಡು ನಡೆಯುತ್ತೆ" ಅಂದಿದ್ದ. ಅವನು ಚೀಲ ಹೆಗಲಿಗೇರಿಸಿ ಹೊರಟವನು ಮತ್ತೆ ಬಂದಿರಲಿಲ್ಲ. ಅವನ ಹೆಸರನ್ನು ಗುಂಪಿನಿಂದ ತೆಗೆದವಳೂ ಅವಳೇ. ಆದರೆ ಇವತ್ತು ಎತ್ತಿಕೊಂಡ ಮೇಲ್ ಆ ಜಗಳಕ್ಕಿಂತ ಹಿಂದಿನದು.

"ಕರೆದಿದ್ದಕ್ಕೆ ತುಂಬಾ ಸಂತೋಷ. ಡ್ಯೂಟಿ ಬದಲಾಯಿಸಿಕೊಂಡು ಬರ್ತಿದೀನಿ," ಎಂದು ಎಲ್ಲರಿಗೂ ಕಾಣುವಂತೆ ಬರೆದಿದ್ದ.

"ತಪ್ಪಾಗಿ ಬಂತು ಅಂತ ಬರಿ," ಅಂದ ಅಣ್ಣ.

"ನೀನೇ ಬರಿ. ನನ್ನ ಕೈಲಾಗಲ್ಲ." ಅವಳು ಕೀಬೋರ್ಡನ್ನು ಅವನತ್ತ ತಳ್ಳಿದಳು. "ಅವನು ಹೋದ ಮೇಲೆ ಹಾಡು ಹೇಗಿದೆ ಅಂತ ನಿಂಗೇ ಗೊತ್ತು."

ಅಣ್ಣ ಕೀಬೋರ್ಡ್ ನೋಡಿದ. ಬೆರಳಿಡಲಿಲ್ಲ. "ಹೊತ್ತಾಯ್ತು, ನಡಿ," ಎಂದು ಬಾಗಿಲ ಕಡೆ ತಿರುಗಿದ.

ಸಭಾಂಗಣದಲ್ಲಿ ಎಲ್ಲರೂ ಸೇರಿದ್ದರು. ಕಚೇರಿಯಿಂದ ಓಡಿಬಂದವರು, ಹಿಟ್ಟಿನ ಕೈ ಒರೆಸುತ್ತಾ ಬಂದ ಬೇಕರಿಯಾಕೆ, ಎಲ್ಲರ ಬಾಯಲ್ಲೂ ಒಂದೇ ಗದ್ದಲ. ರೇಡಿಯೊದವರು ಮೈಕ್ ನಿಲ್ಲಿಸುತ್ತಿದ್ದರು. ಖಾಕಿ ಅಂಗಿಯಲ್ಲೇ ಡ್ರೈವರ್ ಒಳಗೆ ಬಂದಾಗ ಗದ್ದಲ ಗಪ್ಪಾಯಿತು. ತಂಗಿಯ ಎಡವಟ್ಟು ಈಗ ಬಯಲಾದರೆ ಈ ಮನುಷ್ಯ ಎರಡನೇ ಸಲ ಎಲ್ಲರೆದುರು ತಲೆ ತಗ್ಗಿಸಿ ಹೋಗಬೇಕು.

ಅವನು ನೇರ ಅಣ್ಣನ ಮುಂದೆ ಬಂದು ನಿಂತ. "ಮೇಷ್ಟ್ರೇ, ಮೇಲ್ ನೋಡಿ ನಂಬೋಕೇ ಆಗ್ಲಿಲ್ಲ. ನಿಜವಾಗ್ಲೂ ನೀವೇ ಕಳಿಸೋಕೆ ಹೇಳಿದ್ರಾ?"

ಅಣ್ಣ ತಂಗಿಯ ಕಡೆ ಒಮ್ಮೆ ನೋಡಿದ.

"ಮತ್ತಿನ್ಯಾರು? ನಾನೇ," ಅಂದ ಅಣ್ಣ. "ಮುಂಚೆಯೇ ಹೇಳಬೇಕಿತ್ತು. ಹೋಗು, ನಿನ್ನ ಜಾಗದಲ್ಲಿ ನಿಂತ್ಕೋ."

ತಂಗಿಗೆ ಕುಣಿದಾಡುವ ಹಾಗಾಯಿತು. ಹಿಂದಿನ ಸಾಲಿನವರು ಭುಜ ಸರಿಸಿ ಜಾಗ ಬಿಟ್ಟರು. ಅಣ್ಣ ಕೈ ಎತ್ತಿದ. ಗುಡುಗಿನ ದನಿಯೂ ಸೇರಿ ಹಾಡು ಎದ್ದಾಗ, ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಿದ್ದ ಅವಳ ಅಂಗೈಯಡಿ ಮರದ ಹಲಗೆ ಸಣ್ಣಗೆ ನಡುಗತೊಡಗಿತು.