ಮೇಜಿನ ಅಂಚು

"ಏಯ್ ಕಡ್ಡಿ, ಅದೇನೇ ಅಡ್ಡಡ್ಡ ಕೂತಿದೀಯ? ನೆಟ್ಟಗೆ ಕೂರೇ, ಬೋಳಿಮುಂಡೆ!"

ಮೇಸ್ತ್ರಿ ಬೈದದ್ದು ನನ್ನ ಅತ್ತಿಗೆಗೆ; ಅವಳ ಸಣಕಲು ಮೈಗೆ ಅವನಿಟ್ಟ ಹೆಸರು ಕಡ್ಡಿ. ಡಬ್ಬಿ ಕಾರ್ಖಾನೆಯಲ್ಲಿ ನಮ್ಮಿಬ್ಬರದು ಅಕ್ಕಪಕ್ಕದ ಪ್ರೆಸ್ಸು. ಕೈಯಲ್ಲಿ ತಗಡು ಒಡ್ಡಬೇಕು, ಕಾಲಲ್ಲಿ ಪೆಡಲ್ ಒತ್ತಬೇಕು. ಅಚ್ಚು ಧಡ್ಡೆಂದು ಇಳಿದು ಮುಚ್ಚಳ ಕತ್ತರಿಸುತ್ತದೆ. ಕೈ ಹಿಂದಕ್ಕೆ ಬರುವುದು ಕಣ್ಣು ಮಿಟುಕಿಸುವಷ್ಟು ತಡವಾದರೆ ಬೆರಳು ಹೋಗುತ್ತದೆ. ಸಾಲಿನ ಕೊನೆಯಲ್ಲಿ ಕೂರುವ, ನಾವೆಲ್ಲ ದೊಡ್ಡಮ್ಮ ಎಂದು ಕರೆಯುವ ಹಿರಿಯಳಿಗೆ ಎರಡು ಹೋಗಿವೆ.

ಅತ್ತಿಗೆಗೆ ಆರನೇ ತಿಂಗಳು. ಐದರವರೆಗೂ ಸಡಿಲ ಅಂಗಿಯೊಳಗೆ ಮುಚ್ಚಿಟ್ಟಿದ್ದಳು. ಆಮೇಲೆ ಹೊಟ್ಟೆ ಹೊಕ್ಕುಳು ದಾಟಿ ಏರಿ ಮೇಜಿನ ಅಂಚಿಗೆ ತಾಗತೊಡಗಿತು. ಸ್ಟೂಲನ್ನು ಹಿಂದಕ್ಕೆ ಸರಿಸಿದರೆ ತೋಳು ಎಟುಕದು. ಮುಂದಕ್ಕೆ ಎಳೆದರೆ ಅಂಚು ಒತ್ತುತ್ತದೆ. ಅದಕ್ಕೇ ಅಡ್ಡ ಕೂರುವುದು. ಪಾದ ಊದಿ ಪೆಡಲಿನ ಮೇಲೆ ಹಿಡಿತ ತಪ್ಪುತ್ತದೆ. ನಿನ್ನೆ ಅಚ್ಚು ಅವಳ ಉಗುರಿನ ತುದಿಯನ್ನು ಕತ್ತರಿಸಿತ್ತು. ಚರ್ಮ ಉಳಿದಿತ್ತು.

"ಅಣ್ಣ, ನನ್ನನ್ನ ಪ್ಯಾಕಿಂಗ್ ಟೇಬಲ್‌ಗೆ ಹಾಕಿ. ಮೂರೇ ತಿಂಗಳು."

"ಅಲ್ಲಿ ನಿಂಗೆ ತೊಟ್ಟಿಲು ಕಟ್ಟಿದೀವಾ? ಆಗಲ್ಲ ಅಂದ್ರೆ ಮನೆಗೆ ಹೋಗು, ಆಚೆ ಹತ್ತು ಜನ ನಿಂತವ್ರೆ. ಬಸುರಾಗುವಾಗ ನನ್ನ ಕೇಳಿದ್ಯಾ?"

"ನಿನ್ನ ಕೇಳೋ ವಿಷ್ಯಾನಾ ಮೇಸ್ತ್ರಿ ಅದು?" ಎಂದಳು ದೊಡ್ಡಮ್ಮ. ಹೆಂಗಸರು ಕಿಸಕ್ಕೆಂದರು.

ಅವನ ಮುಖ ಕೆಂಪಾಯಿತು. ಬಂದವನೇ ಅತ್ತಿಗೆ ಕೂತಿದ್ದ ಸ್ಟೂಲನ್ನು ತಿರುಗಿಸಿ, ಮೊಣಕಾಲಿನಿಂದ ಮೇಜಿಗೆ ಒತ್ತಿ ನಿಂತ. ಅಂಚು ಹೊಟ್ಟೆಗೆ ನಾಟಿತು.

"ಒತ್ತು ಪೆಡಲ್."

ಧಡ್. ಅಂಗಿಯ ಕೆಳಗೆ ಎಡಬದಿಯಲ್ಲಿ ಏನೋ ಬೆಚ್ಚಿ ಹೊರಳಿದ್ದು ನನಗೂ ಕಂಡಿತು. ಮಗುವಿಗೆ ಹುಬ್ಬು ಮೂಡಿದೆ, ಕಿವಿ ಕೇಳುತ್ತದೆ, ಜೋರು ಸದ್ದಿಗೆ ಬೆಚ್ಚುತ್ತದೆ ಎಂದು ನರ್ಸಮ್ಮ ಹೇಳಿದ್ದಳು.

ಧಡ್. ಮತ್ತೆ ಹೊರಳಿತು. ಅತ್ತಿಗೆಯ ಗಮನ ಹೊಟ್ಟೆಯ ಕಡೆ ಹೋಯಿತು. ಕೈ ಅಚ್ಚಿನಡಿಯಲ್ಲೇ ಉಳಿಯಿತು.

"ಅತ್ತಿಗೇ, ಕೈ!"

ಅವಳು ಕೈ ಎಳೆದುಕೊಂಡಳು. ಮೇಸ್ತ್ರಿಯನ್ನು ಮೊಣಕೈಯಿಂದ ನೂಕಿ ಎದ್ದು, ಗೋಡೆಯ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದಳು. ಎಂಟೂ ಪ್ರೆಸ್ಸು ಒಟ್ಟಿಗೇ ನಿಂತವು.

"ಯಾರಪ್ಪಂದು ಅಂತ ಮುಟ್ಟಿದ್ಯೇ, ಸೂಳೆ..." ಅವನ ದನಿ ಚಾವಣಿಯ ತಗಡಿಗೆ ಬಡಿದು ಮರಳಿತು. ಆ ಶೆಡ್ಡಿನಲ್ಲಿ ಅಷ್ಟು ಸ್ಪಷ್ಟವಾಗಿ ಅವನ ದನಿಯನ್ನು ನಾವು ಕೇಳಿದ್ದೇ ಇಲ್ಲ.

ಅತ್ತಿಗೆ ಹೊಟ್ಟೆ ಹಿಡಿದುಕೊಂಡು ಅವನೆದುರು ಬಂದಳು. "ಬೈಯಿ. ಈಗ ಗಲಾಟೆ ಇಲ್ಲ. ಒಳಗಿರೋ ಕೂಸಿಗೂ ಚೆನ್ನಾಗಿ ಕೇಳ್ಸುತ್ತೆ."

ಪ್ರೆಸ್ಸು ಮತ್ತೆ ಶುರುಮಾಡಲು ಅವನು ಗುಂಡಿಯ ಕಡೆ ನುಗ್ಗಿದ. ಅಷ್ಟರಲ್ಲಿ ದೊಡ್ಡಮ್ಮ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು; ಪಕ್ಕದಲ್ಲಿ ನಾನು; ಆಮೇಲೆ ಒಬ್ಬೊಬ್ಬರಾಗಿ ಉಳಿದವರು.

ಮೇಸ್ತ್ರಿ ಮೊಬೈಲಿನಲ್ಲಿ ಕಾವಲುಗಾರನಿಗೆ ಹೇಳಿದ: "ಗೇಟ್ ಹಾಕು. ಒಬ್ಳೂ ಆಚೆ ಹೋಗ್ಬಾರ್ದು."

ಹೊರಗೆ ಸರಪಳಿ ಎಳೆದ ಸದ್ದು, ಬೀಗ ಬಿದ್ದ ಸದ್ದು. ಅತ್ತಿಗೆ ಸ್ಟೂಲನ್ನು ಎಳೆದು ತಂದು ನಮ್ಮ ನಡುವೆ ಹಾಕಿಕೊಂಡಳು. ಊದಿದ ಕಾಲುಗಳನ್ನು ಅವನ ಕಡೆಗೇ ಚಾಚಿ ಕೂತಳು.