ಸುಣ್ಣ ಬಳಿದ ಮಡಿಗಳು

ಕಾದ ರಬ್ಬರಿನ ವಾಸನೆ ನನಗೆ ಚಿಕ್ಕಂದಿನಿಂದ ಗೊತ್ತು. ಅಪ್ಪ ಸೈಕಲ್ ಟ್ಯೂಬಿಗೆ ತೇಪೆ ಹಾಕುತ್ತಿದ್ದರು. ಆ ವಾಸನೆ ಅವರ ಅಂಗಿಯಲ್ಲಿ, ನಾವು ಮಲಗುವ ಚಾಪೆಯಲ್ಲಿ ಕೂಡ ಇರುತ್ತಿತ್ತು. ಮೊನ್ನೆ ಬಿಸಿಲೇರಿದಾಗ ಮೆಣಸಿನ ಸಸಿಗಳ ಕಡೆಯಿಂದ ಅಂಥದ್ದೇ ವಾಸನೆ ಬಂತು.

ಸೊಸೆ ಆಗಲೇ ಮಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ಮಣ್ಣಿನ ತೇವ ಆರದಂತೆ ಮಡಿಗೆ ಹೊದಿಸುವ ಪ್ಲಾಸ್ಟಿಕ್ ಮಲ್ಚಿಂಗ್ ಪೇಪರಿನ ತೂತಿನ ಅಂಚು ತಗಲಿದ ಕಡೆ ಸಸಿಗಳ ಕಾಂಡ ಸುಟ್ಟು ಸಣ್ಣಗಾಗಿತ್ತು. ಆ ಹಾಳೆಗೆ ಒಂದು ಕಡೆ ಬೆಳ್ಳಿ ಬಣ್ಣ, ಇನ್ನೊಂದು ಕಡೆ ಕಪ್ಪು. ಕಪ್ಪು ಬಿಸಿಲು ಹೀರಿ ಕಾಯುತ್ತದೆ, ಬೇಸಿಗೆಯಲ್ಲಿ ಬೆಳ್ಳಿ ಮೇಲಿರಬೇಕು. ನಮ್ಮ ಮಡಿಗಳ ಮೇಲೆಲ್ಲ ಕಪ್ಪೇ ಮಲಗಿತ್ತು.

ಗೊತ್ತಿದ್ದೂ ಯಾಕೆ ಹೀಗೆ ಹಾಸಿದೆ ಎಂದು ಕೇಳಿದೆ. ಅವಳು ತಲೆ ಎತ್ತಲಿಲ್ಲ.

"ಬೆಳ್ಳಿ ಮೇಲಿದ್ರೆ ನಿಮ್ಮ ಕಣ್ಣಿಗೆ ಕುಕ್ಕುತ್ತಲ್ಲ ಅತ್ತೆ. ಆಪರೇಷನ್ ಆಗಿ ಇನ್ನೂ ಎಷ್ಟು ದಿನ ಆಯ್ತು?"

ಅಂದು ಮಧ್ಯಾಹ್ನವೇ ಪೇಟೆಯ ರೆಸ್ಟೋರೆಂಟಿನ ಅಡುಗೆಯವರೊಬ್ಬರು ಗಿಡ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ದಪ್ಪ ಮೆಣಸಿನಕಾಯಿಯೆಲ್ಲ ಅವರ ಅಡುಗೆಮನೆಗೇ. ಒಪ್ಪದಿದ್ದರೆ ಸೊಸೆ ಮತ್ತೆ ಪ್ಯಾಕಿಂಗ್ ಕೆಲಸಕ್ಕೆ, ದಿನವಿಡೀ ನಿಂತು ನಿಂತು ಕಾಲು ಊದಿಸಿಕೊಳ್ಳುವುದಕ್ಕೆ.

ಬೇರು ಬಿಟ್ಟ ಸಸಿಗಳಿರುವಾಗ ಹಾಳೆ ಮಗುಚಲಾಗುವುದಿಲ್ಲ. ಗೋಡೆಗೆಂದು ತಂದಿಟ್ಟ ಸುಣ್ಣ ಕಲಸಿ, ಕಪ್ಪಿನ ಮೇಲೆ ಬಳಿಯತೊಡಗಿದೆವು. ಸಸಿಗೆ ತಾಗದಂತೆ, ತೂತಿನ ಸುತ್ತ ಬೆರಳಿನಿಂದ. ಬಗ್ಗಿದ ಬೆನ್ನು ಏಳಲೊಲ್ಲದು. ಅವಳು ತನ್ನ ಟೋಪಿ ತೆಗೆದು ನನ್ನ ತಲೆಗಿಟ್ಟು, ಅಂಚನ್ನು ಕಣ್ಣಿನ ಮೇಲಕ್ಕೆ ಎಳೆದಳು.

"ಕೈ ಕೆಸರಾದ್ರೆ ಬಾಯಿ ಮೊಸರಂತೆ. ಸುಣ್ಣ ಆದ್ರೆ ಏನತ್ತೆ?"

"ಬಾಯಿ ಸುಡುತ್ತೆ. ಮಾತು ಕಡಿಮೆ ಮಾಡು," ಎಂದೆ. ಇಬ್ಬರಿಗೂ ಪೂರ್ತಿ ನಗುವಷ್ಟು ತ್ರಾಣ ಇರಲಿಲ್ಲ.

ಕೊನೆಯ ಮಡಿ ಬಳಿಯುತ್ತಿದ್ದಾಗ ಅಡುಗೆಯವರ ವ್ಯಾನು ಬಂತು. ಮಧ್ಯಾಹ್ನದ ಗಿರಾಕಿಗಳನ್ನು ಮುಗಿಸಿ ಬಂದಿದ್ದರು. ಅವರ ಮುಖವೂ ಬಾಡಿತ್ತು. ಸೊಸೆ ಏನನ್ನೂ ಮುಚ್ಚಿಡಲಿಲ್ಲ. ಹಾಳೆ ತಿರುವುಮುರುವಾಯಿತು, ಅರ್ಧದಷ್ಟು ಸಸಿ ಹೋಗಿದೆ, ತಪ್ಪು ತನ್ನದೇ ಎಂದಳು. ನನ್ನ ಕಣ್ಣಿನ ವಿಷಯ ಎತ್ತಲಿಲ್ಲ. ನಾನೇ ಹೇಳಿದೆ. ಅವಳು ನನ್ನನ್ನು ದುರುಗುಟ್ಟಿ ನೋಡಿದಳು.

ಅವರು ಸಾಲುಗಳ ನಡುವೆ ನಿಧಾನ ನಡೆದರು. ಬದುಕಿದ ಸಸಿಗಳ ಎಲೆ ಮಗುಚಿ ನೋಡಿದರು.

"ನನಗೆ ಕಾಯೋಕಾಗಲ್ಲಮ್ಮ," ಎಂದರು ಸೊಸೆಗೆ. "ಈ ಸಲ ಬೇರೆಯವರ ಹತ್ರ ತಗೋತೀನಿ. ಉಳಿದಿರೋದ್ರಲ್ಲಿ ಕಾಯಿ ಬಂದ್ರೆ ತನ್ನಿ, ಬೇಡ ಅನ್ನಲ್ಲ. ಮುಂದಿನ ನಾಟಿಯ ಕಾಯಿ ಮಾತ್ರ ನನ್ನ ಕೇಳದೆ ಯಾರಿಗೂ ಒಪ್ಪಿಸ್ಬೇಡಿ."

ಹಾಗಾದರೆ ಅಲ್ಲಿಯವರೆಗೆ ಪ್ಯಾಕಿಂಗೇ. ಸೊಸೆ ಆಗಲಿ ಎಂದು ತಲೆಯಾಡಿಸಿ, ಅಲ್ಲೇ ಬದುವಿನ ಮೇಲೆ ಕುಸಿದು ಕೂತಳು. ಬೆಳಗಿನಿಂದ ಏನಾದರೂ ತಿಂದಿರಾ ಎಂದು ಅವರು ನನ್ನನ್ನು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ.

ಅವರು ವ್ಯಾನಿನಿಂದ ನೀರಿನ ಬಾಟಲಿ ತಂದು ಅವಳ ಕೈಗೆ ಸುರಿದರು, ಬೆರಳ ಸಂದಿಯ ಸುಣ್ಣ ಹೋಗುವ ತನಕ. ಆಮೇಲೆ, ತಮಗೆಂದು ಕಟ್ಟಿಸಿಕೊಂಡಿದ್ದ ಊಟದ ಡಬ್ಬಿಯ ಮುಚ್ಚಳ ತೆಗೆದು ಅವಳ ಕೈಗಿಟ್ಟರು.